ಕಲ್ಲಿಗೆ ಹಾಕಿದ ಹೆಪ್ಪು

ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಊಟದ ಕೋಣೆಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ಊಟ, ತಿಂಡಿ, ನನ್ನ ಹೋಮ್‌ವರ್ಕ್, ಅಪ್ಪ ಅಮ್ಮನ ಜಗಳ ಎಲ್ಲವೂ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಸಣ್ಣ ಮೇಜಿನ ಸುತ್ತಲೇ ಆಗಿಹೋಗುತ್ತಿದ್ದವು. ಮನೆ ಕಟ್ಟಿದವನು ಊಟಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ಒಂದು ಗೋಡೆಗೆ ಅಜ್ಜಿಯ ದೇವರ ಕಪಾಟು, ಅದರ ಪಕ್ಕ ಐಸೆಲಿನ್‌ನ ಇಂಡಿಯನ್ ಅಂಗಡಿಯಿಂದ ತಂದ ಅಕ್ಕಿ ಮೂಟೆಗಳು, ನಡುವೆ ಬಟ್ಟೆ ಒಣಗಿಸುವ ಸ್ಟ್ಯಾಂಡು. ಎದುರಿನ ಗೋಡೆ ಖಾಲಿ. ಬ್ಯಾಂಕುಗಳು ಒಂದರ ಹಿಂದೊಂದು ಉರುಳುತ್ತಿದ್ದ ಆ ಚಳಿಗಾಲದಲ್ಲಿ ಅಪ್ಪ ಕುರ್ಚಿ ಹಾಕಿಕೊಂಡು ಕೂರುತ್ತಿದ್ದದ್ದು ಆ ಖಾಲಿ ಗೋಡೆಯ ಮುಂದೆ. ಮ್ಯಾನ್‌ಹ್ಯಾಟನ್‌ನಲ್ಲಿ ಅವನಿದ್ದ ಆಫೀಸಿನ ಇಡೀ ಮಹಡಿಯನ್ನೇ ಮುಚ್ಚಿದ್ದರು. ಆದರೂ ಅಪ್ಪ ಬೆಳಿಗ್ಗೆ ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಸ್ಟೇಷನ್ನಿನಿಂದ ಟ್ರೈನು ಹೊರಟ ಸದ್ದು ಕೇಳಿದ ಮೇಲೆ ಕಾಫಿ ಲೋಟ ಹಿಡಿದು ಅಲ್ಲಿಗೆ ಬರುತ್ತಿದ್ದ. ಗ್ರೀನ್ ಕಾರ್ಡ್ ಹಿಂದಿನ ವರ್ಷವೇ ಬಂದಿದ್ದರಿಂದ ದೇಶ ಬಿಡುವ ಹೆದರಿಕೆ ಇರಲಿಲ್ಲ. ಬೇರೆ ಕೆಲಸ ಎಂದು ಸಿಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯಾರು ಏನು ಕೇಳಿದರೂ ಅಪ್ಪ "ನೋಡೋಣ" ಅನ್ನುತ್ತಿದ್ದ. ಅನ್ನಕ್ಕೆ ಇನ್ನೊಂದು ಸೌಟು ಸಾರು ಹಾಕಲೇ ಎಂದು ಅಜ್ಜಿ ಕೇಳಿದರೂ ನೋಡೋಣ.

ಅಜ್ಜಿ, ಅಂದರೆ ಅಪ್ಪನ ತಾಯಿ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದು, ಮಗನ ಕೆಲಸ ಹೋದ ಸುದ್ದಿ ಕೇಳಿ ವಾಪಸು ಹೋಗುವುದಿಲ್ಲ ಎಂದು ಕೂತುಬಿಟ್ಟಿದ್ದಳು. ಮಗ ಮನೆಯಲ್ಲಿರುವಾಗ ತಾನು ಹೊರಟರೆ ನೋಡಿದವರು ಏನಂದಾರು ಎನ್ನುವುದು ಅವಳ ವಾದ. ಅಮ್ಮನಿಗೂ ಅವಳಿಗೂ ಅಡುಗೆಮನೆಯಲ್ಲಿ ಗಡಿರೇಖೆಗಳಿದ್ದವು. ಒಗ್ಗರಣೆ ಅಜ್ಜಿಯದು, ಮೊಸರು ಅಮ್ಮನದು. ನ್ಯೂಜೆರ್ಸಿಯ ಚಳಿಯಲ್ಲಿ ಮೊಸರು ಹೆಪ್ಪುಗಟ್ಟುವುದು ಸುಲಭವಲ್ಲ. ಅಮ್ಮ ಓವನ್ನಿನ ದೀಪ ಮಾತ್ರ ಉರಿಸಿ ಅದರೊಳಗೆ ಪಾತ್ರೆ ಇಟ್ಟು, ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಮೊಸರು ತೆಗೆಯುತ್ತಿದ್ದಳು. ನಮ್ಮ ಊರಿನ ಕಡೆಯ ಮನೆಯವರೆಲ್ಲ ಹೆಪ್ಪು ಕೇಳಿಕೊಂಡು ಬರುತ್ತಿದ್ದರು. ಅಮ್ಮ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಎರಡು ಚಮಚ ಹಾಕಿ ಕೊಟ್ಟು, ಬಾಗಿಲವರೆಗೂ ಬಂದು, ಹಾಲನ್ನು ಚೆನ್ನಾಗಿ ಕಾಯಿಸಿ, ಬೆರಳು ತಡೆಯುವಷ್ಟು ಆರಿಸಿ, ಆಮೇಲೆ ಹಾಕಿ ಎಂದು ಪಾಠ ಹೇಳಿ ಕಳಿಸುವಳು. ಮೈಸೂರಿನ ಹೈಸ್ಕೂಲೊಂದರಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದವಳು ಈ ದೇಶಕ್ಕೆ ಬಂದ ಮೇಲೆ ಯಾವ ಕ್ಲಾಸಿಗೂ ಕಾಲಿಟ್ಟಿರಲಿಲ್ಲ. ಹೆಪ್ಪು ಕೊಡುವ ಆ ಎರಡು ನಿಮಿಷವೇ ಅವಳ ಕ್ಲಾಸು.

ಅಪ್ಪನ ಜೊತೆಗೇ ಕೆಲಸ ಕಳೆದುಕೊಂಡವರಲ್ಲಿ ಸಲೀಂ ಅಂಕಲ್ ಒಬ್ಬರು. ಮೈಸೂರಿನ ಮಂಡಿ ಮೊಹಲ್ಲಾದವರು, ಅಪ್ಪನ ಪಕ್ಕದ ಡೆಸ್ಕಿನವರು. ವೆಸ್ಟ್ ವಿಂಡ್ಸರ್‌ನಲ್ಲಿ ಸ್ವಂತ ಮನೆ ಮಾಡಿದ್ದರು. ಅವರ ಮನೆಯ ಮೆಟ್ಟಿಲ ಕೆಳಗೆ ನನ್ನಷ್ಟೇ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇತ್ತು. ಅದರಲ್ಲಿ ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯಿದ್ದ ಒಂದು ಜೋಡಿ ಮೀನು. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಸಲೀಂ ಅಂಕಲ್ ಅವುಗಳಿಗೆ ದೊಡ್ಡಮ್ಮ, ಚಿಕ್ಕಪ್ಪ ಎಂದು ಹೆಸರಿಟ್ಟಿದ್ದರು. ಅವರ ಮಗಳು ಆಯೇಷಾ ನನಗಿಂತ ಚಿಕ್ಕವಳು. ಶಾಲೆಯಿಂದ ಬಂದವಳೇ ಗಾಜಿಗೆ ಮೂಗು ಒತ್ತಿ ಆವತ್ತಿನ ವರದಿಯನ್ನೆಲ್ಲ ದೊಡ್ಡಮ್ಮನಿಗೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದಳು. ಆ ಚಳಿಗಾಲದಲ್ಲಿ ಅವರ ಮನೆಯನ್ನು ಬ್ಯಾಂಕು ತೆಗೆದುಕೊಂಡಿತು. ಅವರು ಟೆಕ್ಸಸ್‌ನಲ್ಲಿದ್ದ ಬಾಮೈದನ ಮನೆಗೆ ಹೊರಟರು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಅಕ್ವೇರಿಯಂ ಒಡೆಯಿತು. ನೀರೆಲ್ಲ ಹರಿದುಹೋಯಿತು. ಒಳಗಿದ್ದ ಸಮುದ್ರದ ಕಲ್ಲುಗಳನ್ನು ಒದ್ದೆ ಪೇಪರು ಸುತ್ತಿ ಬಕೆಟ್ಟುಗಳಲ್ಲಿ ತಮ್ಮ ಗ್ಯಾರೇಜಿಗೆ ಹಾಕಿದರು. ಮೀನುಗಳನ್ನು ಗುರುತಿನ ಅಕ್ವೇರಿಯಂ ಅಂಗಡಿಯವನೊಬ್ಬನ ಹತ್ತಿರ ಬಿಟ್ಟರು. ಹಿಮ ಕರಗುವವರೆಗೆ ಇಟ್ಟುಕೊಳ್ಳುತ್ತೇನೆ, ಆಮೇಲೆ ನನಗೆ ಜಾಗ ಬೇಕು, ಮಾರಿಬಿಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ಹೊರಡುವ ದಿನ ಸಲೀಂ ಅಂಕಲ್ ಖಾಲಿ ಮನೆಯ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

"ಮನೆ ಹೋಯ್ತಲ್ರೀ, ಅದು ಹೆಂಗೋ ಆಗುತ್ತೆ. ಆ ಮೀನು ಮಾರಿದ್ವಿ ಅಂತ ನನ್ ಮಗಳಿಗೆ ಯಾವ ಬಾಯಲ್ಲಿ ಹೇಳ್ಲಿ?"

"ಮಾರೋದ್ಯಾಕೆ? ನಮ್ಮನೇಲಿರ್ತವೆ. ಆಯೇಷಾ ಯಾವತ್ತು ಬಂದ್ರೂ ನೋಡ್ಬಹುದು," ಎಂದ ಅಪ್ಪ.

ಆಗ ಅಪ್ಪ "ನೋಡೋಣ" ಅನ್ನಲಿಲ್ಲ. ಇದು ಮೊದಲು ತಿಳಿದದ್ದು ಅಮ್ಮನಿಗೆ. ವಾಪಸು ಬರುವಾಗ ಕಾರಿನ ಡಿಕ್ಕಿಯಲ್ಲಿ ಸಲೀಂ ಅಂಕಲ್‌ರ ಕಲ್ಲಿನ ಬಕೆಟ್ಟುಗಳು ನಾರುತ್ತಿದ್ದವು. ನಾವು ಸಸ್ಯಾಹಾರಿಗಳು, ಅತ್ತೆ ಏನೆನ್ನುತ್ತಾರೆ, ಈ ಹೊತ್ತಿನಲ್ಲಿ ಇದೆಲ್ಲ ಬೇಕಾ ಎಂದು ಅವಳು ಕೇಳಬಹುದಿತ್ತು. ಮನೆ ಮುಟ್ಟಿದ ಮೇಲೆ ಊಟದ ಕೋಣೆಗೆ ಹೋಗಿ, ಬಟ್ಟೆ ಸ್ಟ್ಯಾಂಡನ್ನು ಮಡಿಸಿ ಒಳಗಿಟ್ಟಳು.

ಯಾರೋ ರಸ್ತೆಬದಿಗಿಟ್ಟಿದ್ದ ಹಳೆಯ ಗಾಜಿನ ತೊಟ್ಟಿಯೊಂದು ಸಿಕ್ಕಿತು. ಅಪ್ಪ ಅದಕ್ಕೆ ಮರದ ಪೀಠ ಮಾಡಿದ. ಮಟ್ಟ ನೋಡುವ ಲೆವೆಲ್ ಹಿಡಿದು, ಸಣ್ಣ ಚಕ್ಕೆಗಳನ್ನು ಒತ್ತಿ ಒತ್ತಿ ನಿಲ್ಲಿಸಿದ. ಕೆಲಸ ಹೋದ ಮೇಲೆ ಅವನ ಕೈ ಹಾಗೆ ಓಡಿದ್ದನ್ನು ನಾವು ನೋಡಿರಲಿಲ್ಲ. ಅಜ್ಜಿಯ ತಕರಾರು ದೇವರ ಎದುರಿಗೇ ಮೀನೇ ಎನ್ನುವುದು. ಮತ್ಸ್ಯಾವತಾರಕ್ಕೆ ಬೇರೆ ಕೋಣೆ ಎಲ್ಲಿಂದ ತರಲಿ ಎಂದು ಅಪ್ಪ ಕೇಳಿದ. ಎಷ್ಟೋ ದಿನದ ಮೇಲೆ ಮಗ ತಮಾಷೆ ಮಾಡಿದ್ದಕ್ಕೆ ಅಜ್ಜಿ ತಕರಾರನ್ನು ಅಲ್ಲಿಗೇ ಬಿಟ್ಟಳು. ಮೂಟೆಯಲ್ಲಿ ಬಂದ ಸಮುದ್ರದುಪ್ಪನ್ನು ನೀರಿಗೆ ಬೆರೆಸುವಾಗ ಮಾತ್ರ ಪಕ್ಕದಲ್ಲೇ ನಿಂತು, ಸಾರಿಗೆ ಒಂದು ಕಾಳು ಉಪ್ಪು ಹೆಚ್ಚಾದರೆ ಮುಖ ಸಿಂಡರಿಸುವವರು ಇಲ್ಲಿ ಹೇಗೆ ಸುರಿಯುತ್ತಿದ್ದಾರೆ ನೋಡು ಎಂದು ನನಗೆ ಹೇಳಿದಳು. ನಾನು ಇಂಗ್ಲಿಷಿನಲ್ಲಿ ಏನೋ ಅಂದೆ. ನನ್ನ ಕನ್ನಡವೆಲ್ಲ ಆಗ ಕಿವಿಯಲ್ಲಿತ್ತು, ಬಾಯಿಗೆ ಇನ್ನೂ ಬಂದಿರಲಿಲ್ಲ.

ಉಪ್ಪುನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ, ಅದು ಮೀನಿಗೇ ವಿಷ. ಅದನ್ನು ತಿಂದು ಇನ್ನೊಂದಾಗಿಸುವ, ಆ ಇನ್ನೊಂದನ್ನೂ ತಿಂದು ನಿರುಪದ್ರವಿ ಮಾಡುವ ಸೂಕ್ಷ್ಮಜೀವಿಗಳು ಮೊದಲು ಕಲ್ಲಿನಲ್ಲಿ, ಮರಳಿನಲ್ಲಿ ಮನೆಮಾಡಬೇಕು. ಅದಕ್ಕೆ ವಾರಗಟ್ಟಲೆ ಕಾಯಬೇಕು. ಅಂಗಡಿಯವನು ಇದನ್ನು ಸೈಕ್ಲಿಂಗ್ ಅಂದಿದ್ದ. ಅಪ್ಪ ಕಂಪ್ಯೂಟರಿನಲ್ಲಿ ಓದಿದ್ದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ವಿವರಿಸಲು ಹೊರಟು ಸಿಕ್ಕಿಹಾಕಿಕೊಂಡ. ಅಮ್ಮ ಮಜ್ಜಿಗೆ ಕಡೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಷ್ಟೆಲ್ಲ ಯಾಕ್ರೀ, ಹೆಪ್ಪು ಹಾಕೋದು ಅನ್ನಿ. ಅತ್ತೆಗೂ ಅರ್ಥ ಆಗುತ್ತೆ."

ಅಜ್ಜಿಗೆ ನಿಜವಾಗಿಯೂ ಅರ್ಥವಾಯಿತು. ಅಷ್ಟೇ ಅಲ್ಲ, ಹೆಪ್ಪು ಯಾರ ಮನೆಯದು ಎಂದೂ ಕೇಳಿದಳು. ಅಂಗಡಿಯವನ ಹಳೆಯ ತೊಟ್ಟಿಯ ಫಿಲ್ಟರಿನಿಂದ ಸ್ವಲ್ಪ ಸ್ಪಾಂಜು ತಂದರೆ ಆಯಿತು ಎಂದ ಅಪ್ಪ. ಸಲೀಂ ಅಂಕಲ್‌ರ ಕಲ್ಲುಗಳನ್ನು ಏನು ಮಾಡುವುದು ಎನ್ನುವ ಪ್ರಶ್ನೆ ಬಂದದ್ದು ಆಗಲೇ. ನಮ್ಮ ಗ್ಯಾರೇಜಿನಲ್ಲಿದ್ದು ಅವು ಅರ್ಧ ಸತ್ತಿದ್ದವು, ನಾತ ಮನೆಯವರೆಗೂ ಬರುತ್ತಿತ್ತು. ಕೆಲವು ಕಲ್ಲುಗಳ ಮೇಲೆ ಕಂದು ಹಸಿರು ಬಣ್ಣದ, ಅಂಗಿಯ ಗುಂಡಿಯಂಥ ಮೆತ್ತನೆಯ ಜೀವಗಳು ಒತ್ತೊತ್ತಾಗಿ ಮುದುಡಿಕೊಂಡಿದ್ದವು. ಆ ಗುಂಡಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗಾಯಕ್ಕೆ ತಾಗಿದರೆ ಕೆಟ್ಟದ್ದು ಎಂದು ಸಲೀಂ ಅಂಕಲ್ ಹೇಳಿಹೋಗಿದ್ದರು. ಹಾಗಾಗಿ ಅಮ್ಮ ಎಲ್ಲರಿಗೂ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಕೊಟ್ಟಿದ್ದಳು. ಆಮೇಲೆ ಅವಳು ತನ್ನ ತೀರ್ಮಾನ ಹೇಳಿದಳು. ಕೊಳೆತದ್ದರ ಮೇಲೆ ಹೆಪ್ಪು ಹಾಕಿದರೆ ಕೊಳೆತದ್ದೇ ಬೆಳೆಯುತ್ತದೆ.

"ಹಾಲು ಕಾಯಿಸ್ದೆ ಯಾರಾದ್ರೂ ಹೆಪ್ಪು ಹಾಕ್ತಾರಾ? ಕಲ್ಲನ್ನೂ ಒಂದ್ಸಲ ಕುದಿಸಿಬಿಡೋಣ."

ಎಷ್ಟು ಸರಿಯಾಗಿತ್ತು ಆ ಮಾತು. ಅಡುಗೆಮನೆಗೂ ಸರಿ, ಲ್ಯಾಬಿಗೂ ಸರಿ. ನಾವು ನಾಲ್ಕೂ ಜನ ಒಪ್ಪಿಕೊಂಡೆವು. ಈಗಲೂ ಆ ಮಾತಿನಲ್ಲಿ ತಪ್ಪು ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಒಂದು ಕ್ಷಣ ಬೇಕಾಗುತ್ತದೆ.

ಅದು ಶನಿವಾರದ ಬೆಳಿಗ್ಗೆ, ಹೊರಗೆ ಗಟ್ಟಿ ಹಿಮ. ಕಾವು ಹೊರಗೆ ಹೋಗಿ ಗ್ಯಾಸ್ ಬಿಲ್ ಏರದಿರಲೆಂದು ಆ ವರ್ಷ ಅಮ್ಮ ಎಲ್ಲ ಕಿಟಕಿಗಳಿಗೂ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರ್ ಹಿಡಿದು ಬಿಗಿ ಮಾಡಿದ್ದಳು. ಊರಿನವರೆಲ್ಲ ಸೇರುವ ದಿನ ಬಿಸಿಬೇಳೆಬಾತ್ ಮಾಡುವ ದೊಡ್ಡ ಪಾತ್ರೆಯನ್ನು ಕೊಡಲು ಅಜ್ಜಿ ಒಪ್ಪದೆ, ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಒಲೆಗೇರಿಸಿದರು. ಇನ್ನೊಂದು ಬಕೆಟ್ ತರಲು ನನ್ನನ್ನು ಗ್ಯಾರೇಜಿಗೆ ಕಳಿಸಿದರು. ದಾರಿಯಲ್ಲಿ ನಾನು ಹಿಮದಲ್ಲಿ ಜಾರುತ್ತಾ ಸ್ವಲ್ಪ ಆಟವಾಡಿಕೊಂಡು ನಿಂತೆ. ವಾಪಸು ಬಂದು ಹಿಂಬಾಗಿಲು ತೆಗೆದಾಗ ಕಂಡ ದೃಶ್ಯವನ್ನು ನನ್ನ ತಲೆ ಈಗಲೂ ತನಗಿಷ್ಟ ಬಂದಾಗ ತೋರಿಸುತ್ತದೆ. ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತಾಗ, ಯಾರದೋ ಮದುವೆಯಲ್ಲಿ, ಸುಮ್ಮನೆ ಕಾರು ಓಡಿಸುವಾಗ. ಅಡುಗೆಮನೆಯ ತುಂಬ ಬಿಳಿ ಹಬೆ. ಅಪ್ಪ ಉದ್ದನೆಯ ಸೌಟು ಹಿಡಿದು ಪಾತ್ರೆಯ ಮೇಲೆ ಬಗ್ಗಿ ಕಲ್ಲು ತಿರುಗಿಸುತ್ತಿದ್ದಾನೆ. ಅಮ್ಮ ಪಕ್ಕದಲ್ಲಿ. ಅಜ್ಜಿ ಮೇಜಿನ ಹತ್ತಿರ ಬೀನ್ಸ್ ಸೋಸುತ್ತಿದ್ದಾಳೆ. ಮೂರೂ ಜನ ಕೆಮ್ಮುತ್ತಿದ್ದಾರೆ, ಮೂರೂ ಜನ ನಗುತ್ತಿದ್ದಾರೆ.

ನಮ್ಮದು ಘಾಟಿಗೆ ಒಗ್ಗಿಹೋದ ಮನೆ. ಅಜ್ಜಿ ಬ್ಯಾಡಗಿ ಮೆಣಸಿನಕಾಯಿ ಹುರಿದಾಗ ಎಲ್ಲರೂ ಕೆಮ್ಮುವುದು, ಕಣ್ಣು ಒರೆಸಿಕೊಳ್ಳುವುದು, ಅಪ್ಪ ಸೀನುಗಳನ್ನು ಎಣಿಸುವುದು, ಹುಳಿ ಚೆನ್ನಾಗಿ ಬರುತ್ತದೆ ಅಂತ ಅರ್ಥ ಎಂದು ಅಜ್ಜಿ ಬೀಗುವುದು ದಿನವೂ ಇದ್ದದ್ದೇ. ಹೊಗೆ ಕಂಡರೆ ಕೂಗುವ ಪೆಟ್ಟಿಗೆಯ ಬಾಯಿಗೆ ಅಮ್ಮ ಎಂದೋ ಶವರ್ ಕ್ಯಾಪ್ ಕಟ್ಟಿದ್ದಳು. ಬೇರೆಯವರ ಮನೆಯಲ್ಲಾದರೆ ಮೊದಲ ಕೆಮ್ಮಿಗೇ ಜನ ಎದ್ದು ಹೊರಗೆ ಹೋಗುತ್ತಿದ್ದರು. ನಮ್ಮಲ್ಲಿ ಕೆಮ್ಮು ಅಂದರೆ ಅಡುಗೆ ನಡೆಯುತ್ತಿದೆ ಅಂತ. ನಾನೂ ಒಳಗೆ ಬಂದು ಬಾಗಿಲು ಹಾಕಿಕೊಂಡು, ಕೆಮ್ಮಿ, ನಕ್ಕೆ.

ನಿಲ್ಲಿಸಿದ್ದು ಅಜ್ಜಿ. ಬೀನ್ಸ್ ಸೋಸುತ್ತಿದ್ದವಳು ತುಟಿ ಚಪ್ಪರಿಸಿದಳು. ಎದ್ದು ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಚಪ್ಪರಿಸಿದಳು, ಅಮ್ಮನನ್ನು ಕರೆದಳು. ದಿನವೂ ಬೆಳಿಗ್ಗೆ ತಾಮ್ರದ ತಂಬಿಗೆಯ ನೀರು ಕುಡಿಯುವವಳು ಅವಳು.

"ವಸುಧಾ, ಬಾಯೆಲ್ಲ ತಾಮ್ರ ನೆಕ್ಕಿದ ಹಾಗಿದೆ ಕಣೇ. ನಾನು ಇವತ್ತು ಇನ್ನೂ ತಂಬಿಗೆ ಮುಟ್ಟಿಲ್ಲ."

ಅಮ್ಮ ತನ್ನ ನಾಲಿಗೆಯನ್ನು ಹಲ್ಲಿಗೆ ಒತ್ತಿ ನೋಡಿಕೊಂಡಳು. ಅವಳ ಮುಖದಿಂದ ನಗು ಇಳಿದುಹೋದದ್ದು ನನಗೆ ಕಂಡಿತು. ಒಲೆ ಆರಿಸಿದಳು. ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡು, ತಾನೇ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ, ಕಿಟಕಿ ಎತ್ತಿದಳು. ಅಜ್ಜಿಯ ರಟ್ಟೆ ಹಿಡಿದು ನನ್ನ ಕೈಗೆ ಕೊಟ್ಟು ಹೊರಗೆ ನಡೆ ಅಂದಳು. ಅಪ್ಪ ಸೌಟು ಹಿಡಿದುಕೊಂಡೇ ನಿಂತಿದ್ದ, ಇನ್ನೆರಡೇ ಕಲ್ಲು ಇದೆ ಎಂದ. ಅಮ್ಮ ಅವನ ಶರ್ಟಿನ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು, ಮನೆಯಿಂದಾಚೆ ದರದರ ಎಳೆದುಕೊಂಡು ಬಂದಳು. ಗಂಡನ ಹೆಸರನ್ನೂ ಹಿಡಿದು ಕರೆಯದ ಹೆಂಗಸು, ಅತ್ತೆಯ ಕಣ್ಣೆದುರೇ.

ಹಿಮದ ಮೇಲೆ ನಾವು ಚಪ್ಪಲಿಯೂ ಇಲ್ಲದೆ ನಿಂತೆವು. ಸ್ವಲ್ಪ ಹೊತ್ತು ಎಲ್ಲ ಸರಿಯಾಯಿತು ಅನ್ನಿಸಿತು. ಆಮೇಲೆ ಅಪ್ಪ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಉಸಿರು ಒಳಗೆ ಹೋಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಅರ್ಧಕ್ಕೆ ನಿಂತು ಕೊಕ್ಕೆ ಹಾಕಿದಂಥ ಸದ್ದು ಬರುತ್ತಿತ್ತು. ಆ ಸದ್ದನ್ನು ನಾನು ವಿವರಿಸಲಾರೆ, ಮರೆಯಲೂ ಆರೆ. ಪಕ್ಕದ ಮನೆಯ ಫೋನಿನಿಂದ ಆಂಬುಲೆನ್ಸಿಗೆ ಮಾತಾಡಿದ್ದು ನಾನು, ಏಕೆಂದರೆ ಅಮ್ಮ ಅಪ್ಪನ ಬೆನ್ನಿಗೆ ಆತು ಕೂತಿದ್ದಳು. ಏನಾಯಿತು ಎಂದು ಆ ಕಡೆಯ ಹೆಂಗಸು ಕೇಳಿದಳು. ಕಲ್ಲು ಬೇಯಿಸುತ್ತಿದ್ದೆವು ಎಂದೆ. ಅವಳು ಮತ್ತೆ ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅಜ್ಜಿಗೆ ಚಳಿಜ್ವರ, ಅಮ್ಮನಿಗೆ ಕೈಕಾಲು ಸೆಳೆತ. ಆಮೇಲೆ ಬಂದಿದ್ದ ನನಗೆ ಬರೀ ತಲೆನೋವು. ಅಪ್ಪನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ಪರದೆಯ ಹಿಂದಕ್ಕೆ ಒಯ್ದರು. ಮೊದಲು ಬಂದ ಡಾಕ್ಟರು ಇದು ಫ್ಲೂ ಇರಬೇಕು, ಮನೆಮಂದಿಗೆಲ್ಲ ಹರಡಿದೆ ಎಂದರು. ಅಮ್ಮ ಇಲ್ಲ ಅಂದಳು. ಅವರು ಹೊರಡಲು ತಿರುಗಿದರೆ ಅಡ್ಡ ನಿಂತು, ಕ್ಲಾಸಿನಲ್ಲಿ ಪ್ರಯೋಗ ವಿವರಿಸುವ ಹಾಗೆ ಒಂದೊಂದನ್ನೇ ಹೇಳಿದಳು. ಯಾವ ಕಲ್ಲು, ಅದರ ಮೇಲೆ ಏನಿತ್ತು, ಯಾವ ಬಣ್ಣ, ಎಷ್ಟು ಹೊತ್ತು ಕುದಿಯಿತು, ಯಾರು ಎಷ್ಟು ಹತ್ತಿರ ನಿಂತಿದ್ದರು. ನನ್ನಿಂದ ಸಲೀಂ ಅಂಕಲ್‌ಗೆ ಫೋನ್ ಮಾಡಿಸಿ ಆ ಗುಂಡಿಗಳ ಹೆಸರು ಕೇಳಿ ಬರೆಸಿದಳು. ಡಾಕ್ಟರು ವಿಷದ ವಿಚಾರ ತಿಳಿದವರಿಗೆ ಫೋನ್ ಮಾಡಿ ಬಂದರು. ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು. ಆ ಜೀವಗಳೊಳಗೆ ಕಡು ವಿಷವೊಂದಿದೆ, ಕುದಿಸಿದರೆ ಹಬೆಯ ಜೊತೆ ಮೇಲಕ್ಕೇರಿ ಶ್ವಾಸಕೋಶಕ್ಕೆ ಹೋಗುತ್ತದೆ, ಹೃದಯಕ್ಕೂ ಅಪಾಯ ಎಂದರು. ಇನ್ನಷ್ಟು ಹೊತ್ತು ಒಳಗೇ ಇದ್ದಿದ್ದರೆ ಎಂದು ಶುರುಮಾಡಿ, ನನ್ನನ್ನು ನೋಡಿ ನಿಲ್ಲಿಸಿದರು. ಅವರು ನಿಲ್ಲಿಸಿದ ಆ ವಾಕ್ಯವನ್ನು ನಾನು ಎಷ್ಟೋ ಸಲ ಪೂರ್ತಿ ಮಾಡಿದ್ದೇನೆ.

ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರ ಜೊತೆ ಮಾತಾಡುವ ಕೆಲಸದ ಹೆಂಗಸೊಬ್ಬಳು ಬಂದು ಅಮ್ಮನ ಪಕ್ಕ ಕೂತಳು. ಮೆಲ್ಲನೆಯ ದನಿಯವಳು. ನಿಮ್ಮ ಗಂಡನಿಗೆ ಇತ್ತೀಚೆಗೆ ಕೆಲಸ ಹೋಯಿತೇ ಎಂದು ಕೇಳಿದಳು. ಮಾತು ಕಡಿಮೆ ಮಾಡಿದ್ದರೇ, ಬದುಕು ಸಾಕು ಅಂದದ್ದುಂಟೇ ಎಂದು ಕೇಳಿದಳು. ಆ ಚಳಿಗಾಲದಲ್ಲಿ ಅವಳು ಹೀಗೆ ಬಹಳ ಮನೆಯವರನ್ನು ಕೇಳಬೇಕಾಗಿ ಬಂದಿತ್ತೋ ಏನೋ, ಅವಳ ಮೇಲೆ ನನಗೀಗ ಸಿಟ್ಟಿಲ್ಲ. ಏನಂತೆ, ಏನಂತೆ ಎಂದು ಅಜ್ಜಿ ನನ್ನ ತೋಳು ತಿವಿದಳು. ಅಮ್ಮ ಇಂಗ್ಲಿಷಿನಲ್ಲೇ, ವ್ಯಾಕರಣದ ಕಡೆ ಲಕ್ಷ್ಯ ಕೊಡದೆ ಉತ್ತರ ಹೇಳಿದಳು. ನನ್ನ ಕಿವಿಗೆ ಅದು ಕನ್ನಡದಲ್ಲೇ ಬಿತ್ತು.

"ಅವರು ಸಾಯೋಕೆ ಹೊರಟಿರ್ಲಿಲ್ಲ. ಸ್ನೇಹಿತರ ಎರಡು ಮೀನು ಬದುಕ್ಲಿ ಅಂತ ಒದ್ದಾಡ್ತಿದ್ರು. ಕುದಿಸಿ ಅಂತ ಹೇಳಿದ್ದು ನಾನು. ನಾನು ಕೆಮಿಸ್ಟ್ರಿ ಟೀಚರ್. ನನ್ನ ತಪ್ಪು, ಹಾಗಂತಲೇ ಬರ್ಕೊಳಿ."

ನಮ್ಮ ಪೈಕಿಯ ಮನೆಗಳಲ್ಲಿ ಆ ವರ್ಷ ಎಲ್ಲರೂ ಏನಾದರೊಂದನ್ನು ಮುಚ್ಚಿಡುತ್ತಿದ್ದರು. ಕೆಲಸ ಹೋದದ್ದನ್ನು ಊರಿನಲ್ಲಿದ್ದವರಿಗೆ ಹೇಳದವರು, ದಿನಾ ಟೈ ಕಟ್ಟಿಕೊಂಡು ಲೈಬ್ರರಿಗೆ ಹೋಗಿ ಕೂತು ಬರುವವರು ನಮಗೆ ಗೊತ್ತಿದ್ದರು. ಅಂಥ ದಿನಗಳಲ್ಲಿ ನನ್ನ ಅಮ್ಮ ಅಪರಿಚಿತರ ಎದುರು ತನ್ನ ಪಾಂಡಿತ್ಯದ ತಪ್ಪನ್ನು ತಾನೇ ಎತ್ತಿ ತೋರಿಸಿ, ಗಂಡನ ಮೇಲೆ ಬೀಳಲಿದ್ದ ಕೆಟ್ಟ ಹೆಸರನ್ನು ತಡೆದಳು. ಪರದೆಯ ಆಚೆ ಮುಖವಾಡ ಹಾಕಿಕೊಂಡು ಮಲಗಿದ್ದ ಅಪ್ಪ ಅಷ್ಟನ್ನೂ ಕೇಳಿಸಿಕೊಂಡಿದ್ದ. ಇದನ್ನು ಅವನು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ.

ಅಪ್ಪ ಮನೆಗೆ ಬಂದಾಗ ಮೆಟ್ಟಿಲು ಹತ್ತುವ ಉಸಿರಿರಲಿಲ್ಲ. ಊಟದ ಕೋಣೆಯಲ್ಲಿ, ಬರೀ ಉಪ್ಪುನೀರು ತುಂಬಿ ನಿಂತಿದ್ದ ತೊಟ್ಟಿಯ ಪಕ್ಕದಲ್ಲೇ ಅವನಿಗೆ ಹಾಸಿಗೆ ಹಾಕಿದೆವು. ಕಲ್ಲುಗಳನ್ನೂ ಪಾತ್ರೆಯನ್ನೂ, ಮೈಪೂರ್ತಿ ಮುಚ್ಚಿಕೊಂಡು ಬಂದವರು ತೆಗೆದುಕೊಂಡು ಹೋಗಿದ್ದರು. ತೊಟ್ಟಿಯನ್ನೂ ಖಾಲಿ ಮಾಡಿಸಿಬಿಡು, ಮನೆಗೆ ಬಂದ ಪೀಡೆ ಅದು ಎಂದು ಅಜ್ಜಿ ಅತ್ತಳು. ಬೇಡ ಬಿಡು ವಸು, ಸಲೀಂಗೆ ನಾನೇ ಹೇಳುತ್ತೇನೆ ಎಂದು ಅಪ್ಪನೂ ಅಂದ. ಗೋಡೆಯ ಕಡೆ ತಿರುಗಿ ಮಲಗಿದ. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕಲು ಶುರುವಾಗಿತ್ತು. ಅಮ್ಮ ನನ್ನನ್ನು ಕಾರಿಗೆ ಹತ್ತಿಸಿಕೊಂಡಳು. ಕಾರು ಹೊರಟ ಮೇಲೆ ನೋಡಿದರೆ ಅವಳ ತೊಡೆಯ ಮೇಲೆ ಹೆಪ್ಪಿನ ಸ್ಟೀಲ್ ಡಬ್ಬಿ ಇತ್ತು.

ಅಂಗಡಿಯವನು ಮೀನುಗಳನ್ನು ತೋರಿಸಿದ. ಸಣ್ಣ ತೊಟ್ಟಿಯ ಮೂಲೆಯಲ್ಲಿ ದೊಡ್ಡಮ್ಮನ ಹಿಂದೆ ಚಿಕ್ಕಪ್ಪ ಅವಿತಿದ್ದ. ನಡೆದದ್ದನ್ನೆಲ್ಲ ಕೇಳಿ ಅಂಗಡಿಯವನು ತಲೆ ಮೇಲೆ ಕೈಯಿಟ್ಟುಕೊಂಡ. ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ, ಆದರೆ ಹೆಚ್ಚು ದಿನ ಆಗದು ಎಂದ. ಮೇಲೆ ಯಾವ ಜೀವವೂ ಇಲ್ಲದ ಒಣ ಬಿಳಿ ಕಲ್ಲುಗಳನ್ನು ಕೊಟ್ಟ. ತನ್ನ ಹಳೆಯ ಫಿಲ್ಟರಿನ ಕಂದು ಸ್ಪಾಂಜಿನಿಂದ ಒಂದು ತುಂಡು ಕತ್ತರಿಸಿದ. ಅಮ್ಮ ಅದನ್ನು ಅದೇ ನೀರಿನ ಸಮೇತ ಡಬ್ಬಿಗೆ ಹಾಕಿಕೊಂಡು, ಚಳಿ ತಾಗದಂತೆ ಕೋಟಿನ ಒಳಗಿಟ್ಟುಕೊಂಡು ಮನೆಗೆ ತಂದಳು.

ಮರುದಿನದಿಂದ ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಟೆಸ್ಟ್‌ಟ್ಯೂಬುಗಳು ನಿಂತವು. ಪ್ಲಾಸ್ಟಿಕ್ ಹಾಳೆಯನ್ನು ಅಮ್ಮ ಮತ್ತೆ ಅಂಟಿಸಲಿಲ್ಲ, ಕಿಟಕಿಯ ಬಾಯಿ ಎರಡು ಬೆರಳಷ್ಟು ಯಾವಾಗಲೂ ತೆರೆದೇ ಇರುತ್ತಿತ್ತು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಮೀನಿಲ್ಲದ ನೀರಿಗೆ ಹಾಕುವುದು, ಅದು ಕೊಳೆತು ಅಮೋನಿಯಾ ಆಗುವುದನ್ನು ಕಾಯುವುದು. ಟ್ಯೂಬಿಗೆ ನೀರು ತೆಗೆದು, ಔಷಧಿ ಹನಿಸಿ, ಬೆಳಕಿಗೆ ಹಿಡಿದು ಬಣ್ಣ ನೋಡುವುದು. ಅಮ್ಮ ಟ್ಯೂಬಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚದೆ ಮುಚ್ಚಳ ಹಾಕಿಯೇ ಅಲ್ಲಾಡಿಸಬೇಕು, ಕಣ್ಣಿನ ಮಟ್ಟಕ್ಕೆ ಹಿಡಿದೇ ನೋಡಬೇಕು ಎಂದು ನನಗೆ ಕಲಿಸಿದಳು. ಅವಳ ದನಿ ಬೇರೆಯಾಗಿತ್ತು. ಇವಳು ಹೀಗಿದ್ದಳೇ ಎಂದು ನಾನು ನೋಡುತ್ತಾ ನಿಲ್ಲುತ್ತಿದ್ದೆ. ಅಜ್ಜಿ ಮೊದಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು, ಒಂದು ದಿನ ಸ್ನಾನ ಮಾಡಿ ಬಂದು, ದೇವರ ದೀಪ ಹಚ್ಚುವ ಮೊದಲು ಕಟ್ಟೆಯ ಹತ್ತಿರ ನಿಂತಳು. ಯಾವ ಬಣ್ಣ ಬಂದರೆ ಒಳ್ಳೆಯದು ಎಂದು ಕೇಳಿದಳು. ಅಮೋನಿಯಾದ್ದು ಹಸಿರಿನಿಂದ ಹಳದಿಗೆ ತಿರುಗಬೇಕು, ಇನ್ನೊಂದರದ್ದು ನೇರಳೆಯಿಂದ ತಿಳಿನೀಲಿಗೆ ಬರಬೇಕು ಎಂದಳು ಅಮ್ಮ. ಅಂದಿನಿಂದ ಅದು ಅಜ್ಜಿಯ ಕೆಲಸವಾಯಿತು. ಅವಳು ಓದಿ ಹೇಳುವುದು, ಹಾಸಿಗೆಯಲ್ಲಿದ್ದ ಅಪ್ಪ ಕೇಳುವುದು.

"ಇನ್ನೂ ನುಗ್ಗೆಸೊಪ್ಪಿನ ಹಸಿರೇ ಕಣೋ. ಏಳಬೇಡ, ಮಲಕ್ಕೋ."

ಹಸಿರು ಏರಿತು. ಆಮೇಲೆ ಇಳಿಯಿತು. ಅದು ಇಳಿಯುತ್ತಿದ್ದಂತೆ ಎರಡನೆಯ ಟ್ಯೂಬು ಕಡುನೇರಳೆಗೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಹಿಮ ರಸ್ತೆಯ ಅಂಚಿನಲ್ಲಿ ಮಾತ್ರ ಕೊಳಕು ದಿಬ್ಬವಾಗಿ ಉಳಿದಿತ್ತು. ಅಂಗಡಿಯವನು ಫೋನ್ ಮಾಡಿ, ಜೋಡಿ ಕೇಳಿಕೊಂಡು ಗಿರಾಕಿ ಬಂದಿದ್ದಾನೆ ಎಂದ. ಅಪ್ಪ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಫೋನಿನವರೆಗೆ ನಡೆದು ಬಂದ. ಉಸಿರು ಕಟ್ಟಿಕೊಂಡು, ನಡುವೆ ನಿಲ್ಲಿಸಿ ನಿಲ್ಲಿಸಿ, ಆ ಮೀನುಗಳು ಮಾರಾಟಕ್ಕಿಲ್ಲ, ನಾನು ಮಾತು ಕೊಟ್ಟಿದ್ದೇನೆ, ಬಂದು ಒಯ್ಯುತ್ತೇನೆ ಎಂದು ಹೇಳಿದ. ನೀರು ಸಿದ್ಧವಿಲ್ಲದೆ ತಂದರೆ ಸತ್ತೇ ಹೋಗುತ್ತವೆ ಎಂದು ಅವನಿಗೂ ಗೊತ್ತಿತ್ತು. ಅಮ್ಮ ಅಂಗಡಿಗೆ ಹೋಗಿ ಇನ್ನೊಂದು ತುಂಡು ಸ್ಪಾಂಜು ತಂದು ಹಾಕಿದಳು. ಮೊಸರು ಗಟ್ಟಿಯಾಗದಿದ್ದರೆ ಇನ್ನೊಂದು ಚಮಚ ಹೆಪ್ಪು ಹಾಕುವ ಹಾಗೆಯೇ. ಗಿರಾಕಿಗೆ ಏನೋ ನೆಪ ಹೇಳಿ ಅಂಗಡಿಯವನು ತಡೆದಿಟ್ಟ.

ಒಂದು ಬೆಳಿಗ್ಗೆ ನಾನು ಶಾಲೆಗೆ ಬ್ಯಾಗು ಹಾಕಿಕೊಳ್ಳುತ್ತಿದ್ದೆ. ಅಜ್ಜಿ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡೇ ಟ್ಯೂಬುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಬಹಳ ಹೊತ್ತು ಹಿಡಿದಿದ್ದಳು. ನನ್ನನ್ನು ಕರೆದು ನೋಡಲು ಹೇಳಿದಳು. ತನ್ನ ಕಣ್ಣು ನಂಬದೆ ನನ್ನ ಕಣ್ಣು ಕೇಳಿದ್ದು. ನಾನು ನೋಡಿದೆ. ಪಕ್ಕದ ಕೋಣೆಯಲ್ಲಿ ಅಪ್ಪ ಎದ್ದು ಕೂತ ಸದ್ದು ಕೇಳಿಸಿತು. ನನ್ನ ಬಾಯಿಗೆ ಮೊಟ್ಟಮೊದಲು ತಾನಾಗಿ ಬಂದ ಕನ್ನಡ ವಾಕ್ಯ ಅದು.

"ಅಪ್ಪಾ, ಇದು ಅರಿಶಿನ. ಇನ್ನೊಂದು ಆಕಾಶ."

ಮೀನುಗಳ ಚೀಲವನ್ನು ಅಪ್ಪ ತಾನೇ ಹಿಡಿದುಕೊಂಡು ಬಂದ. ಯಾರಿಗೂ ಕೊಡಲಿಲ್ಲ. ಬಾಗಿಲಿನಿಂದ ತೊಟ್ಟಿಯವರೆಗೆ ಮೂರು ಕಡೆ ನಿಂತು ಉಸಿರು ತೆಗೆದುಕೊಂಡ. ದೊಡ್ಡಮ್ಮ ನೀರಿಗೆ ಇಳಿದವಳೇ ಒಂದು ಸುತ್ತು ಹಾಕಿ, ಬಿಳಿ ಕಲ್ಲಿನ ಸಂದಿಯನ್ನು ಪರೀಕ್ಷಿಸಿ, ಅಜ್ಜಿಯ ದೇವರ ಕಪಾಟಿನ ಕಡೆಗೆ ಮುಖ ಮಾಡಿ ನಿಂತಳು. ಚಿಕ್ಕಪ್ಪ ಹಿಂದೆ. ಅಪ್ಪ ಸಲೀಂ ಅಂಕಲ್‌ಗೆ ಫೋನ್ ಮಾಡಿ, ಫೋನನ್ನು ಪಂಪಿನ ಹತ್ತಿರ, ನೀರು ಬೀಳುವ ಸದ್ದಿಗೆ ಹಿಡಿದ. ಆ ಕಡೆಯಿಂದ ಆಯೇಷಾಳ ದನಿ ಕೇಳಿತು. ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ನೇರ ದೊಡ್ಡಮ್ಮನಿಗೆ ಟೆಕ್ಸಸ್‌ನ ಶಾಲೆಯ ವರದಿ ಒಪ್ಪಿಸತೊಡಗಿದಳು.

ಅಪ್ಪನಿಗೆ ಕೆಲಸ ಸಿಕ್ಕಿತು, ಮ್ಯಾನ್‌ಹ್ಯಾಟನ್‌ನಲ್ಲಲ್ಲ, ಮನೆಗೆ ಹತ್ತಿರದಲ್ಲಿ. ಅಮ್ಮ ಓದು ಮುಂದುವರಿಸಿ ಸರ್ಟಿಫಿಕೇಟ್ ತೆಗೆದುಕೊಂಡು ಇಲ್ಲಿನ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಟೀಚರಾದಳು. ಪ್ರತಿ ವರ್ಷದ ಮೊದಲ ಕ್ಲಾಸಿನಲ್ಲಿ ತಾನು ಕಲ್ಲು ಕುದಿಸಿದ ಕಥೆಯನ್ನೇ ಹೇಳುತ್ತಾಳಂತೆ. ಆ ಊಟದ ಕೋಣೆಯಲ್ಲಿ ಅಜ್ಜಿಯಿಂದ ಕನ್ನಡದ ಅಕ್ಷರ ಕಲಿತ ನಾನು ಈಗ ಒಂದು ಲ್ಯಾಬಿನಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುತ್ತೇನೆ. ನನ್ನ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಮೊದಲು ಕಿಟಕಿ ತೆಗೆಯುತ್ತೇನೆ, ಕಾರಣ ಆಮೇಲೆ ಕೇಳುತ್ತೇನೆ. ಗಂಡ ಇದಕ್ಕೆ ನಗುತ್ತಾನೆ. ನಗಲಿ.

ಈಚೆಗೆ ಅಪ್ಪ ಅಮ್ಮನ ಮನೆಗೆ ಆಯೇಷಾ ಬಂದಿದ್ದಳು. ಜೆರ್ಸಿ ಸಿಟಿಯಲ್ಲಿ ಮನೆ ಮಾಡಿದ್ದಾಳೆ, ತನ್ನ ಮಗನಿಗೆಂದು ಉಪ್ಪುನೀರಿನ ತೊಟ್ಟಿ ಇಟ್ಟಿದ್ದಾಳೆ. ದೊಡ್ಡಮ್ಮ ಈಗಿಲ್ಲ. ಈ ಜಾತಿಯಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುವುದರಿಂದ ಚಿಕ್ಕಪ್ಪನೇ ದೊಡ್ಡಮ್ಮನಾಗಿ ಮನೆ ನಡೆಸುತ್ತಿದ್ದಾನೆ. ಆಯೇಷಾ ಗಾಜಿಗೆ ಮೂಗು ಒತ್ತಿ ಅವನನ್ನು ಬಹಳ ಹೊತ್ತು ನೋಡಿದಳು. ಅಮ್ಮ ಫಿಲ್ಟರಿನಿಂದ ಒಂದು ತುಂಡು ಸ್ಪಾಂಜು ಕತ್ತರಿಸಿ, ಅದೇ ಸ್ಟೀಲ್ ಡಬ್ಬಿಗೆ ನೀರಿನ ಸಮೇತ ಹಾಕಿದಳು. ಅಪ್ಪ ಮುಚ್ಚಳ ಒತ್ತಿ ಭದ್ರಮಾಡಿದ. ಎಂದಿನಂತೆ ಅಮ್ಮ ಬಾಗಿಲವರೆಗೂ ಬಂದು ಪಾಠ ಹೇಳಿದಳು.

"ಬೆಚ್ಚಗೆ ತಗೊಂಡು ಹೋಗು. ಅಲ್ಲಾಡಿಸ್ಬೇಡ. ಮತ್ತೆ, ಯಾವುದನ್ನೂ ಕಾಯಿಸ್ಬೇಡ ಕಣಮ್ಮ."